ಇಂಟೆಗ್ರಿನ್

ಇಂಟೆಗ್ರಿನ್ ಎಂಬುದು ಪ್ರಾಣಿಗಳ ಜೀವಕೋಶಗಳ ಹೊರಪೊರೆಯಲ್ಲಿ ನೆಲೆಸಿರುವ ಗ್ರಾಹಕ ಪ್ರೋಟೀನುಗಳ ಒಂದು ಕುಟುಂಬ. ಜೀವಕೋಶವು ತನ್ನ ಸುತ್ತಲಿನ ಕೋಶಬಾಹ್ಯ ಹಂದರಕ್ಕೆ ಅಂಟಿಕೊಳ್ಳುವುದು ಬಹುಮಟ್ಟಿಗೆ ಇವುಗಳ ಮೂಲಕ. ಕೆಲವು ಇಂಟೆಗ್ರಿನ್‌ಗಳು ಒಂದು ಕೋಶವನ್ನು ಇನ್ನೊಂದು ಕೋಶಕ್ಕೆ ಅಂಟಿಸುತ್ತವೆ. ಪ್ರತಿಯೊಂದು ಇಂಟೆಗ್ರಿನ್ ಎರಡು ಬೇರೆಬೇರೆ ಉಪಘಟಕಗಳ ಜೋಡಿಯಾಗಿದೆ. ಇವುಗಳಲ್ಲಿ ಒಂದನ್ನು ಆಲ್ಫಾ ಎಂದೂ ಇನ್ನೊಂದನ್ನು ಬೀಟಾ ಎಂದೂ ಕರೆಯಲಾಗುತ್ತದೆ. ಮಾನವನಲ್ಲಿ 18 ಬಗೆಯ ಆಲ್ಫಾ ಉಪಘಟಕಗಳು ಮತ್ತು 8 ಬಗೆಯ ಬೀಟಾ ಉಪಘಟಕಗಳು ಇವೆ. ಅವು ಸೇರಿ 24 ಇಂಟೆಗ್ರಿನ್‌ಗಳಾಗುತ್ತವೆ.

ಆಲ್ಫಾ ಅಥವಾ ಬೀಟಾ ಉಪಘಟಕವು ಒಂಟಿಯಾಗಿ ಗ್ರಾಹಕದ ಕೆಲಸವನ್ನು ಮಾಡಲಾರದು. ಜೋಡಿ ಸಿಗದ ಉಪಘಟಕವು ಸಾಮಾನ್ಯವಾಗಿ ಕೋಶದ ಮೇಲ್ಮೈಯನ್ನೇ ತಲುಪುವುದಿಲ್ಲ. ಆದ್ದರಿಂದ ಒಂದು ಉಪಘಟಕದ ವಂಶವಾಹಿಯಲ್ಲಿ ದೋಷವುಂಟಾದರೆ, ಯಾವ ದೋಷವೂ ಇಲ್ಲದ ಇನ್ನೊಂದು ಉಪಘಟಕವೂ ನಿಷ್ಪ್ರಯೋಜಕವಾಗುತ್ತದೆ. ಗ್ಲಾಂಜ್‌ಮನ್ ಥ್ರಾಂಬಸ್ತೀನಿಯಾ ಎಂಬ ರಕ್ತಸ್ರಾವದ ಕಾಯಿಲೆ ಮತ್ತು ಬಿಳಿ ರಕ್ತಕಣಗಳ ಅಂಟಿಕೆಯ ಕೊರತೆ ಎಂಬ ಕಾಯಿಲೆ ಇದಕ್ಕೆ ಪ್ರಸಿದ್ಧ ನಿದರ್ಶನಗಳು. ಜಾನುವಾರುಗಳ ಕಾಲುಬಾಯಿ ರೋಗದ ವೈರಸ್ಸು ಕೋಶವನ್ನು ಪ್ರವೇಶಿಸುವುದೂ ಇಂಟೆಗ್ರಿನ್‌ಗಳ ಮೂಲಕವೇ.

ಹೆಸರು ಮತ್ತು ಸಂಶೋಧನೆಯ ಇತಿಹಾಸ

ಇಂಟೆಗ್ರಿನ್‌ಗಳ ಶೋಧನೆಯು ಮೂರು ಬೇರೆಬೇರೆ ಕ್ಷೇತ್ರಗಳಲ್ಲಿ ನಡೆದ ಸಂಶೋಧನೆಗಳ ಒಟ್ಟು ಫಲವಾಗಿದೆ.

ಮೊದಲನೆಯದು ರಕ್ತಸ್ರಾವದ ಕಾಯಿಲೆಗಳ ಅಧ್ಯಯನ. 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ ಅವರು ರಕ್ತದ ಪ್ಲೇಟ್‌ಲೆಟ್‌ಗಳ ಗುಣದಲ್ಲಿಯೇ ಕೊರತೆಯಿರುವ ಒಂದು ಆನುವಂಶಿಕ ಕಾಯಿಲೆಯನ್ನು ವಿವರಿಸಿದರು. 1974ರಲ್ಲಿ ಆಲನ್ ನರ್ಡನ್ ಮತ್ತು ಜಾಕ್ ಕಾಯೆನ್ ಅವರು ಇಂತಹ ರೋಗಿಗಳ ಪ್ಲೇಟ್‌ಲೆಟ್‌ಗಳ ಪೊರೆಯಲ್ಲಿ ಗ್ಲೈಕೋಪ್ರೋಟೀನಿನ ಕೊರತೆಯಿರುವುದನ್ನು ತೋರಿಸಿದರು. ಕಾಣೆಯಾಗಿರುವುದು ಒಂದಲ್ಲ, ಎರಡು ಪ್ರೋಟೀನುಗಳು ಎಂಬುದು ಮುಂದೆ ಸ್ಪಷ್ಟವಾಯಿತು. ಅವುಗಳಿಗೆ ಗ್ಲೈಕೋಪ್ರೋಟೀನ್ 2ಬಿ ಮತ್ತು 3ಎ ಎಂಬ ಹೆಸರುಗಳಿದ್ದವು. ಇಂದು ಇವುಗಳನ್ನು ಆಲ್ಫಾ-2ಬಿ ಮತ್ತು ಬೀಟಾ-3 ಎಂದು ಕರೆಯಲಾಗುತ್ತದೆ.

ಎರಡನೆಯದು ಕೋಶಬಾಹ್ಯ ಹಂದರದ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿನ ಅಧ್ಯಯನ. 1984ರಲ್ಲಿ ಮೈಕೆಲ್ ಪಿಯರ್ಶ್‌ಬಾಕರ್ ಮತ್ತು ಎರ್ಕಿ ರುವೊಸ್ಲಾಟಿ ಅವರು ಜೀವಕೋಶಗಳು ಫೈಬ್ರೊನೆಕ್ಟಿನ್ನಿಗೆ ಅಂಟಿಕೊಳ್ಳಲು ಅದರ ಕೇವಲ ಮೂರು ಅಮೈನೋ ಆಮ್ಲಗಳ ಒಂದು ಸರಣಿಯೇ ಮುಖ್ಯ ಕಾರಣವೆಂದು ತೋರಿಸಿದರು. ಆರ್ಜಿನಿನ್, ಗ್ಲೈಸಿನ್ ಮತ್ತು ಆಸ್ಪಾರ್ಟಿಕ್ ಆಮ್ಲ ಎಂಬ ಈ ಸರಣಿಯನ್ನು ಚಿಕ್ಕದಾಗಿ ಆರ್‌ಜಿಡಿ ಎನ್ನುತ್ತಾರೆ. 1986ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಿಚರ್ಡ್ ಹೈನ್ಸ್ ಮತ್ತು ಸಹೋದ್ಯೋಗಿಗಳು ಕೋಳಿಯ ಜೀವಕೋಶಗಳಲ್ಲಿರುವ ಫೈಬ್ರೊನೆಕ್ಟಿನ್ ಗ್ರಾಹಕದ ಒಂದು ಭಾಗದ ವಂಶವಾಹಿಯನ್ನು ಓದಿ, ಅದಕ್ಕೆ ಇಂಟೆಗ್ರಿನ್ ಎಂಬ ಹೆಸರನ್ನು ಕೊಟ್ಟರು. ಕೋಶದ ಹೊರಗಿನ ಹಂದರವನ್ನೂ ಒಳಗಿನ ಹಂದರವನ್ನೂ ಒಂದುಗೂಡಿಸುವ, ಪೊರೆಯ ಅವಿಭಾಜ್ಯ ಅಂಗವಾದ ಪ್ರೋಟೀನು ಎಂಬ ಅರ್ಥ ಈ ಹೆಸರಿನಲ್ಲಿದೆ.

ಮೂರನೆಯದು ರೋಗನಿರೋಧಕ ಶಕ್ತಿಯ ಅಧ್ಯಯನ. ಟಿಮೊಥಿ ಸ್ಪ್ರಿಂಗರ್ ಮತ್ತು ಅವರ ತಂಡವು ಬಿಳಿ ರಕ್ತಕಣಗಳು ಅಂಟಿಕೊಳ್ಳಲು ಬೇಕಾದ ಪ್ರೋಟೀನುಗಳನ್ನು ಗುರುತಿಸಿತು. ಈ ಮೂರೂ ಕಡೆ ದೊರೆತ ಪ್ರೋಟೀನುಗಳು ಒಂದೇ ಕುಟುಂಬಕ್ಕೆ ಸೇರಿದವು ಎಂಬುದು 1987ರ ಹೊತ್ತಿಗೆ ಖಚಿತವಾಯಿತು. 2001ರಲ್ಲಿ ಅಮೀನ್ ಅರ್ನೌಟ್ ಅವರ ತಂಡವು ಆಲ್ಫಾ-ವಿ ಬೀಟಾ-3 ಇಂಟೆಗ್ರಿನ್ನಿನ ಹೊರಭಾಗದ ಸ್ಫಟಿಕ ರಚನೆಯನ್ನು ಪ್ರಕಟಿಸಿತು. ಹೈನ್ಸ್, ರುವೊಸ್ಲಾಟಿ ಮತ್ತು ಸ್ಪ್ರಿಂಗರ್ ಅವರಿಗೆ 2022ರಲ್ಲಿ ಮೂಲ ವೈದ್ಯಕೀಯ ಸಂಶೋಧನೆಗಾಗಿ ನೀಡುವ ಆಲ್ಬರ್ಟ್ ಲಾಸ್ಕರ್ ಪ್ರಶಸ್ತಿ ಲಭಿಸಿತು.

ಉಪಘಟಕಗಳು ಮತ್ತು ಜೋಡಿಗಳು

ಲೆಕ್ಕದ ಪ್ರಕಾರ 18 ಆಲ್ಫಾ ಮತ್ತು 8 ಬೀಟಾ ಉಪಘಟಕಗಳಿಂದ 144 ಜೋಡಿಗಳು ಸಾಧ್ಯ. ಆದರೆ ದೇಹದಲ್ಲಿ ಕಂಡುಬರುವುದು 24 ಜೋಡಿಗಳು ಮಾತ್ರ. ಯಾವ ಆಲ್ಫಾ ಯಾವ ಬೀಟಾದೊಂದಿಗೆ ಕೂಡಬಹುದು ಎಂಬುದು ಅವುಗಳ ಆಕಾರದಿಂದ ನಿರ್ಧಾರವಾಗುತ್ತದೆ. ಮಾನವನಲ್ಲಿರುವ ಜೋಡಿಗಳು ಹೀಗಿವೆ:

- ಬೀಟಾ-1: ಆಲ್ಫಾ-1ರಿಂದ ಆಲ್ಫಾ-11ರವರೆಗಿನ ಹನ್ನೊಂದು ಉಪಘಟಕಗಳು ಮತ್ತು ಆಲ್ಫಾ-ವಿ, ಒಟ್ಟು 12 ಜೋಡಿಗಳು. ಕೊಲಾಜೆನ್, ಲ್ಯಾಮಿನಿನ್, ಫೈಬ್ರೊನೆಕ್ಟಿನ್ ಮುಂತಾದವುಗಳನ್ನು ಹಿಡಿಯುತ್ತವೆ.
- ಬೀಟಾ-2: ಆಲ್ಫಾ-ಎಲ್, ಆಲ್ಫಾ-ಎಂ, ಆಲ್ಫಾ-ಎಕ್ಸ್ ಮತ್ತು ಆಲ್ಫಾ-ಡಿ, 4 ಜೋಡಿಗಳು. ಬಿಳಿ ರಕ್ತಕಣಗಳಲ್ಲಿ ಇರುತ್ತವೆ.
- ಬೀಟಾ-3: ಆಲ್ಫಾ-2ಬಿ ಮತ್ತು ಆಲ್ಫಾ-ವಿ, 2 ಜೋಡಿಗಳು. ಮೊದಲನೆಯದು ಪ್ಲೇಟ್‌ಲೆಟ್‌ಗಳ ಮುಖ್ಯ ಗ್ರಾಹಕ.
- ಬೀಟಾ-4: ಆಲ್ಫಾ-6 ಮಾತ್ರ. ಚರ್ಮದ ಹೊರಪದರವನ್ನು ಕೆಳಗಿನ ಪದರಕ್ಕೆ ಬಿಗಿಯುತ್ತದೆ.
- ಬೀಟಾ-5, ಬೀಟಾ-6 ಮತ್ತು ಬೀಟಾ-8: ಪ್ರತಿಯೊಂದೂ ಆಲ್ಫಾ-ವಿಯೊಂದಿಗೆ ಮಾತ್ರ, 3 ಜೋಡಿಗಳು.
- ಬೀಟಾ-7: ಆಲ್ಫಾ-4 ಮತ್ತು ಆಲ್ಫಾ-ಇ, 2 ಜೋಡಿಗಳು. ಕರುಳಿಗೆ ಹೋಗುವ ಬಿಳಿ ರಕ್ತಕಣಗಳಲ್ಲಿ ಮುಖ್ಯವಾದವು.

ಕೆಲವು ಉಪಘಟಕಗಳು ಹಲವು ಜೋಡಿಗಳಲ್ಲಿ ಪಾಲು ಪಡೆಯುವುದು ಈ ಪಟ್ಟಿಯಿಂದ ತಿಳಿಯುತ್ತದೆ. ಬೀಟಾ-1ಕ್ಕೆ ಹನ್ನೆರಡು ಸಂಗಾತಿಗಳಿದ್ದರೆ ಆಲ್ಫಾ-ವಿಗೆ ಐದು ಸಂಗಾತಿಗಳಿವೆ. ಆಲ್ಫಾ-2ಬಿಯಂತಹವು ಒಂದೇ ಸಂಗಾತಿಯನ್ನು ಹೊಂದಿವೆ. ಹಲವು ಜೋಡಿಗಳಿಗೆ ಸಾಮಾನ್ಯವಾದ ಉಪಘಟಕವು ಇಲ್ಲವಾದರೆ ಅಷ್ಟೂ ಜೋಡಿಗಳು ಇಲ್ಲವಾಗುತ್ತವೆ. ಬೀಟಾ-1ರ ವಂಶವಾಹಿಯನ್ನು ತೆಗೆದುಹಾಕಿದ ಇಲಿಯ ಭ್ರೂಣಗಳು ಗರ್ಭಕೋಶಕ್ಕೆ ಅಂಟುವ ಹಂತದಲ್ಲಿಯೇ ಸಾಯುತ್ತವೆ ಎಂಬುದನ್ನು 1995ರಲ್ಲಿ ತೋರಿಸಲಾಯಿತು.

ಇಂಟೆಗ್ರಿನ್‌ಗಳು ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲಿಯೂ ಇವೆ. ಪ್ರಯೋಗಾಲಯಗಳಲ್ಲಿ ಬಳಸುವ ಸಿ. ಎಲಿಗ್ಯಾನ್ಸ್ ಎಂಬ ದುಂಡುಹುಳುವಿನಲ್ಲಿ ಎರಡು ಆಲ್ಫಾ ಮತ್ತು ಒಂದು ಬೀಟಾ ಉಪಘಟಕಗಳಿದ್ದು, ಕೇವಲ ಎರಡು ಇಂಟೆಗ್ರಿನ್‌ಗಳಿಂದ ಅದರ ಜೀವನ ಸಾಗುತ್ತದೆ.

ರಚನೆ

ಆಲ್ಫಾ ಉಪಘಟಕದಲ್ಲಿ ಸುಮಾರು 1000 ಅಮೈನೋ ಆಮ್ಲಗಳೂ ಬೀಟಾ ಉಪಘಟಕದಲ್ಲಿ ಸುಮಾರು 750 ಅಮೈನೋ ಆಮ್ಲಗಳೂ ಇರುತ್ತವೆ. ಪ್ರತಿ ಉಪಘಟಕಕ್ಕೂ ಮೂರು ಭಾಗಗಳಿವೆ: ಕೋಶದ ಹೊರಗಿರುವ ದೊಡ್ಡ ಭಾಗ, ಪೊರೆಯನ್ನು ಒಮ್ಮೆ ಮಾತ್ರ ಹಾದುಹೋಗುವ ಸುರುಳಿ, ಮತ್ತು ಕೋಶದೊಳಗಿನ ಗಿಡ್ಡ ಬಾಲ. ಬೀಟಾ-4ರ ಬಾಲ ಮಾತ್ರ ಇದಕ್ಕೆ ಅಪವಾದ. ಅದರಲ್ಲಿ 1000ಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ.

ಹೊರಭಾಗವನ್ನು ಒಂದು ತಲೆ ಮತ್ತು ಎರಡು ಕಾಲುಗಳೆಂದು ಕಲ್ಪಿಸಿಕೊಳ್ಳಬಹುದು. ತಲೆಯು ಎರಡೂ ಉಪಘಟಕಗಳಿಂದ ಆಗಿದೆ. ಆಲ್ಫಾ ಉಪಘಟಕವು ಏಳು ಅಲಗುಗಳ ಗಾಳಿಗಿರಣಿಯಂತಹ ಒಂದು ಆಕೃತಿಯನ್ನು ಕೊಟ್ಟರೆ, ಬೀಟಾ ಉಪಘಟಕವು 'ಐ' ವಲಯ ಎಂಬ ಉಂಡೆಯಾಕಾರದ ಭಾಗವನ್ನು ಕೊಡುತ್ತದೆ. ಆರ್‌ಜಿಡಿಯಂತಹ ಸರಣಿಗಳು ಬಂದು ಕೂಡುವ ಜಾಗವು ಇವೆರಡರ ನಡುವಿನ ಸಂದಿಯಲ್ಲಿದೆ. ಆರ್‌ಜಿಡಿಯ ಆರ್ಜಿನಿನ್ ಆಲ್ಫಾ ಕಡೆಗೂ, ಆಸ್ಪಾರ್ಟಿಕ್ ಆಮ್ಲವು ಬೀಟಾ ಕಡೆಯಲ್ಲಿರುವ ಒಂದು ಲೋಹದ ಅಯಾನಿಗೂ ಹಿಡಿದುಕೊಳ್ಳುತ್ತದೆ. ಆದಕಾರಣ ಒಂದೇ ಉಪಘಟಕದಲ್ಲಿ ಇದನ್ನು ಹಿಡಿಯುವ ಪೂರ್ಣ ಜಾಗ ಇರುವುದಿಲ್ಲ. ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳಿಲ್ಲದೆ ಇಂಟೆಗ್ರಿನ್ ಕೆಲಸ ಮಾಡುವುದಿಲ್ಲ. 18 ಆಲ್ಫಾ ಉಪಘಟಕಗಳ ಪೈಕಿ ಒಂಬತ್ತರಲ್ಲಿ ಇನ್ನೊಂದು 'ಐ' ವಲಯ ಹೆಚ್ಚುವರಿಯಾಗಿ ಇದ್ದು, ಆ ಜೋಡಿಗಳಲ್ಲಿ ಹಿಡಿಯುವ ಕೆಲಸವನ್ನು ಅದೇ ಮಾಡುತ್ತದೆ.

ಜೋಡಿಯಾಗುವ ಬಗೆ

ಆಲ್ಫಾ ಮತ್ತು ಬೀಟಾ ಉಪಘಟಕಗಳು ಬೇರೆಬೇರೆ ವಂಶವಾಹಿಗಳಿಂದ ಬೇರೆಬೇರೆಯಾಗಿಯೇ ತಯಾರಾಗುತ್ತವೆ. ಅವು ಜೋಡಿಯಾಗುವುದು ಕೋಶದ ಮೇಲ್ಮೈಯಲ್ಲಿ ಅಲ್ಲ. ಕೋಶದ ಒಳಗೆ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲದಲ್ಲಿ. ಈ ಕ್ರಿಯೆಯ ಹಂತಗಳು ಹೀಗಿವೆ:

1. ತಯಾರಾಗುತ್ತಿರುವ ಪ್ರತಿ ಉಪಘಟಕಕ್ಕೂ ಸಕ್ಕರೆಯ ಸರಪಣಿಗಳು ಜೋಡಣೆಯಾಗುತ್ತವೆ. ಕ್ಯಾಲ್ನೆಕ್ಸಿನ್‌ನಂತಹ ಸಹಾಯಕ ಪ್ರೋಟೀನುಗಳು ಅದನ್ನು ಹಿಡಿದುಕೊಂಡು, ಸರಿಯಾಗಿ ಮಡಿಚಿಕೊಳ್ಳಲು ನೆರವಾಗುತ್ತವೆ.

2. ಸರಿಯಾಗಿ ಮಡಿಚಿಕೊಂಡ ಆಲ್ಫಾ ಮತ್ತು ಬೀಟಾ ಎದುರುಬದುರಾದಾಗ ಅವುಗಳ ತಲೆಗಳು ಕೂಡಿಕೊಳ್ಳುತ್ತವೆ. ಬೀಟಾ-3ರಲ್ಲಿ 261ನೆಯ ಸ್ಥಾನದಲ್ಲಿರುವ ಆರ್ಜಿನಿನ್ ಆಲ್ಫಾದ ಗಾಳಿಗಿರಣಿಯ ನಡುವಿನ ಕುಳಿಯೊಳಗೆ ಹೊಕ್ಕು ಕೂರುತ್ತದೆ. ಕುಳಿಯ ಸುತ್ತಲಿನ ಅಮೈನೋ ಆಮ್ಲಗಳು ಅದನ್ನು ಪಂಜರದಂತೆ ಸುತ್ತುವರಿಯುತ್ತವೆ.

3. ಪೊರೆಯನ್ನು ಹಾಯುವ ಎರಡು ಸುರುಳಿಗಳು ಒಂದನ್ನೊಂದು ಎರಡು ಕಡೆ ಹಿಡಿದುಕೊಳ್ಳುತ್ತವೆ. ಹೊರಮೈ ಕಡೆಯ ಹಿಡಿತದಲ್ಲಿ ಚಿಕ್ಕ ಗಾತ್ರದ ಗ್ಲೈಸಿನ್‌ಗಳಿಂದಾಗಿ ಸುರುಳಿಗಳು ತೀರಾ ಹತ್ತಿರ ಬರುತ್ತವೆ. ಒಳಮೈ ಕಡೆಯ ಹಿಡಿತದಲ್ಲಿ ಆಲ್ಫಾದ ಧನಾವೇಶವುಳ್ಳ ಆರ್ಜಿನಿನ್ ಮತ್ತು ಬೀಟಾದ ಋಣಾವೇಶವುಳ್ಳ ಆಸ್ಪಾರ್ಟಿಕ್ ಆಮ್ಲ ಪರಸ್ಪರ ಆಕರ್ಷಿಸುತ್ತವೆ.

4. ಜೋಡಿಯಾದ ಉಪಘಟಕಗಳು ಗಾಲ್ಗಿ ಸಂಕೀರ್ಣಕ್ಕೆ ಸಾಗುತ್ತವೆ. ಅಲ್ಲಿ ಸಕ್ಕರೆಯ ಸರಪಣಿಗಳು ಮಾರ್ಪಡುತ್ತವೆ. ಆಲ್ಫಾ-2ಬಿಯಂತಹ ಕೆಲವು ಉಪಘಟಕಗಳನ್ನು ಒಂದು ಕಿಣ್ವವು ಕತ್ತರಿಸಿ ಭಾರವಾದ ಮತ್ತು ಹಗುರವಾದ ಎರಡು ತುಂಡುಗಳನ್ನಾಗಿ ಮಾಡುತ್ತದೆ. ಗಂಧಕದ ಬಂಧವೊಂದು ಈ ಎರಡು ತುಂಡುಗಳನ್ನು ಬಿಡಿಹೋಗದಂತೆ ಹಿಡಿದಿರುತ್ತದೆ.

5. ಸಿದ್ಧವಾದ ಜೋಡಿಯು ಕೋಶದ ಮೇಲ್ಮೈಯನ್ನು ಸೇರುತ್ತದೆ.

ಆಲ್ಫಾ ಮತ್ತು ಬೀಟಾಗಳ ನಡುವೆ ಸಹವೇಲೆನ್ಸಿ ಬಂಧವಿಲ್ಲ. ದುರ್ಬಲವಾದ ಅನೇಕ ಆಕರ್ಷಣೆಗಳು ಸೇರಿ ಅವುಗಳನ್ನು ಒಟ್ಟಿಗೆ ಇಡುತ್ತವೆ.

ಸಂಗಾತಿ ಸಿಗದ ಅಥವಾ ಸರಿಯಾಗಿ ಮಡಿಚಿಕೊಳ್ಳದ ಉಪಘಟಕವನ್ನು ಪೊರೆಜಾಲವು ಹೊರಗೆ ಬಿಡುವುದಿಲ್ಲ. ಅದು ಅಲ್ಲಿಯೇ ಉಳಿದು ಕೊನೆಗೆ ನಾಶವಾಗುತ್ತದೆ. ಅನೇಕ ಕೋಶಗಳಲ್ಲಿ ಬೀಟಾ-1 ಅಗತ್ಯಕ್ಕಿಂತ ಹೆಚ್ಚಾಗಿ ತಯಾರಾಗುತ್ತದೆ. ಇಂತಹ ಕೋಶಗಳಲ್ಲಿ ಮೇಲ್ಮೈಯನ್ನು ತಲುಪುವ ಗ್ರಾಹಕಗಳ ಸಂಖ್ಯೆಯನ್ನು ನಿರ್ಧರಿಸುವುದು ಲಭ್ಯವಿರುವ ಆಲ್ಫಾ ಉಪಘಟಕ. ಒಂದೇ ಎತ್ತಿನಿಂದ ನೊಗ ಸಾಗದು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಸಕ್ರಿಯಗೊಳ್ಳುವಿಕೆ

ಜೋಡಿಯಾಗಿ ಮೇಲ್ಮೈಗೆ ಬಂದ ಮಾತ್ರಕ್ಕೆ ಇಂಟೆಗ್ರಿನ್ ಅಂಟಿಕೊಳ್ಳಲು ಸಿದ್ಧವಾಗಿರುವುದಿಲ್ಲ. ರಕ್ತದಲ್ಲಿ ಹರಿಯುವ ಪ್ಲೇಟ್‌ಲೆಟ್ ಸದಾಕಾಲ ಅಂಟಿಕೊಳ್ಳುವಂತಿದ್ದರೆ ರಕ್ತನಾಳಗಳೆಲ್ಲ ಮುಚ್ಚಿಹೋಗುತ್ತಿದ್ದವು. ಆದ್ದರಿಂದ ಇಂಟೆಗ್ರಿನ್ ಮೂರು ಭಂಗಿಗಳಲ್ಲಿ ಇರುತ್ತದೆ: ಮಂಡಿಯೂರಿ ತಲೆಬಾಗಿದ ನಿಷ್ಕ್ರಿಯ ಭಂಗಿ, ನೆಟ್ಟಗೆ ನಿಂತರೂ ತಲೆಯ ಸಂದಿ ಮುಚ್ಚಿರುವ ಭಂಗಿ, ನೆಟ್ಟಗೆ ನಿಂತು ಸಂದಿ ತೆರೆದಿರುವ ಸಕ್ರಿಯ ಭಂಗಿ. ನೆಟ್ಟಗೆ ನಿಂತಾಗ ಅದು ಪೊರೆಯಿಂದ ಸುಮಾರು 20 ನ್ಯಾನೋಮೀಟರ್ ಎತ್ತರಕ್ಕೆ ಚಾಚಿರುತ್ತದೆ.

ಭಂಗಿಯನ್ನು ಬದಲಿಸುವ ಆಜ್ಞೆ ಕೋಶದ ಒಳಗಿನಿಂದ ಬರುತ್ತದೆ. ಟ್ಯಾಲಿನ್ ಮತ್ತು ಕಿಂಡ್ಲಿನ್ ಎಂಬ ಪ್ರೋಟೀನುಗಳು ಬೀಟಾದ ಬಾಲವನ್ನು ಹಿಡಿದಾಗ, ಪೊರೆಯೊಳಗಿನ ಎರಡು ಸುರುಳಿಗಳ ಹಿಡಿತ ಸಡಿಲವಾಗಿ ಕಾಲುಗಳು ಅಗಲುತ್ತವೆ ಮತ್ತು ತಲೆ ಮೇಲೇಳುತ್ತದೆ. ತಲೆಗಳು ಮಾತ್ರ ಬೇರ್ಪಡುವುದಿಲ್ಲ. ಹೀಗೆ ಜೋಡಿ ಬಿಡದೆ ಕಾಲುಗಳಷ್ಟೇ ದೂರವಾಗುವುದು ಇಂಟೆಗ್ರಿನ್ ಕೆಲಸ ಮಾಡುವ ಮೂಲಸೂತ್ರ. ಟ್ಯಾಲಿನ್ನಿನ ಇನ್ನೊಂದು ತುದಿ ಕೋಶದೊಳಗಿನ ಆಕ್ಟಿನ್ ಎಳೆಗಳಿಗೆ ಕೂಡಿಕೊಂಡಿರುವುದರಿಂದ ಹೊರಗಿನ ಹಂದರವೂ ಒಳಗಿನ ಹಂದರವೂ ಒಂದಾಗುತ್ತವೆ. ಹೊರಗಡೆ ಅಂಟಿಕೊಂಡ ಇಂಟೆಗ್ರಿನ್ ಕೋಶದೊಳಕ್ಕೂ ಸಂಕೇತ ಕಳುಹಿಸುತ್ತದೆ. ಕೋಶವು ಬದುಕುವುದು, ವಿಭಜನೆಯಾಗುವುದು ಮತ್ತು ಚಲಿಸುವುದು ಈ ಸಂಕೇತಗಳನ್ನು ಅವಲಂಬಿಸಿದೆ.

ಜೋಡಿ ತಪ್ಪಿದಾಗ ಬರುವ ಕಾಯಿಲೆಗಳು

ಗ್ಲಾಂಜ್‌ಮನ್ ಥ್ರಾಂಬಸ್ತೀನಿಯಾ

ಒಂದು ಪ್ಲೇಟ್‌ಲೆಟ್ಟಿನ ಮೇಲ್ಮೈಯಲ್ಲಿ ಆಲ್ಫಾ-2ಬಿ ಬೀಟಾ-3 ಜೋಡಿಗಳು ಸುಮಾರು 80,000ದಷ್ಟು ಇರುತ್ತವೆ. ಗಾಯವಾದಾಗ ಇವು ಸಕ್ರಿಯವಾಗಿ ರಕ್ತದಲ್ಲಿರುವ ಫೈಬ್ರಿನೋಜನ್ ಅನ್ನು ಹಿಡಿಯುತ್ತವೆ. ಫೈಬ್ರಿನೋಜನ್ ಅಣುವಿನ ಎರಡು ತುದಿಗಳನ್ನು ಎರಡು ಪ್ಲೇಟ್‌ಲೆಟ್‌ಗಳು ಹಿಡಿದುಕೊಳ್ಳುವುದರಿಂದ ಅವು ಒಂದಕ್ಕೊಂದು ಕೂಡಿ ಗಾಯವನ್ನು ಮುಚ್ಚುತ್ತವೆ.

ಗ್ಲಾಂಜ್‌ಮನ್ ಥ್ರಾಂಬಸ್ತೀನಿಯಾದಲ್ಲಿ ಈ ಜೋಡಿ ಇರುವುದಿಲ್ಲ, ತೀರಾ ಕಡಿಮೆ ಇರುತ್ತದೆ ಅಥವಾ ಇದ್ದರೂ ಕೆಲಸ ಮಾಡುವುದಿಲ್ಲ. ಆಲ್ಫಾ-2ಬಿ ಮತ್ತು ಬೀಟಾ-3ರ ವಂಶವಾಹಿಗಳೆರಡೂ 17ನೆಯ ವರ್ಣತಂತುವಿನಲ್ಲಿವೆ. ಇವೆರಡರಲ್ಲಿ ಯಾವುದು ಕೆಟ್ಟರೂ ಕಾಯಿಲೆ ಒಂದೇ. ಬೀಟಾ-3 ಕೆಟ್ಟಾಗ ಇತರ ಕೋಶಗಳಲ್ಲಿರುವ ಆಲ್ಫಾ-ವಿ ಬೀಟಾ-3 ಜೋಡಿಯೂ ಇಲ್ಲವಾಗುತ್ತದೆ. ಆಲ್ಫಾ-2ಬಿ ಕೆಟ್ಟಾಗ ಅದು ಉಳಿಯುತ್ತದೆ.

ಚಿಕ್ಕಂದಿನಿಂದಲೇ ಮೂಗಿನಿಂದ ಮತ್ತು ಒಸಡಿನಿಂದ ರಕ್ತ ಸೋರುವುದು, ಮೈಮೇಲೆ ಕಾರಣವಿಲ್ಲದೆ ಕಂದುಗಟ್ಟುವುದು, ಹೆಣ್ಣುಮಕ್ಕಳಲ್ಲಿ ಮುಟ್ಟಿನ ವೇಳೆ ಅತಿಯಾದ ಸ್ರಾವ ಇದರ ಲಕ್ಷಣಗಳು. ಮೊದಲ ಮುಟ್ಟಿನ ಸ್ರಾವವೇ ಕೆಲವೊಮ್ಮೆ ಪ್ರಾಣಾಪಾಯವನ್ನು ತರಬಹುದು. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಸಹಜವಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಡೆಂಗಿ ಮತ್ತು ಮಲೇರಿಯಾ ಕಾಣಿಸಿಕೊಳ್ಳುವ ಮಂಗಳೂರಿನಂತಹ ಕರಾವಳಿ ನಗರಗಳಲ್ಲಿ ಪ್ಲೇಟ್‌ಲೆಟ್ ಎಂದರೆ ಅದರ ಸಂಖ್ಯೆಯನ್ನು ಎಣಿಸುವುದು ಎಂದೇ ಜನ ತಿಳಿದಿರುತ್ತಾರೆ. ಡೆಂಗಿಯಲ್ಲಿ ಸಂಖ್ಯೆ ಕುಸಿಯುತ್ತದೆ. ಗ್ಲಾಂಜ್‌ಮನ್ ಕಾಯಿಲೆಯಲ್ಲಿ ಸಂಖ್ಯೆ ಸರಿಯಿದ್ದರೂ ಅವು ಒಂದಕ್ಕೊಂದು ಕೂಡುವುದಿಲ್ಲ. ಎಣಿಕೆ ಸರಿಯಾಗಿದೆ ಎಂಬ ವರದಿ ಮಾತ್ರದಿಂದ ಈ ಕಾಯಿಲೆ ಇಲ್ಲವೆಂದು ಹೇಳಲಾಗದು.

ಕಾಯಿಲೆಯನ್ನು ಪತ್ತೆಹಚ್ಚಲು ಪ್ಲೇಟ್‌ಲೆಟ್‌ಗಳು ಗುಂಪುಗೂಡುವ ಶಕ್ತಿಯನ್ನು ಅಳೆಯುತ್ತಾರೆ. ಎಡಿಪಿ, ಕೊಲಾಜೆನ್, ಎಪಿನೆಫ್ರಿನ್ ಸೇರಿಸಿದರೂ ಅವು ಗುಂಪುಗೂಡುವುದಿಲ್ಲ. ರಿಸ್ಟೊಸೆಟಿನ್ ಸೇರಿಸಿದಾಗ ಮಾತ್ರ ಕೂಡಿಕೊಳ್ಳುತ್ತವೆ, ಏಕೆಂದರೆ ಅದು ಬೇರೊಂದು ಗ್ರಾಹಕದ ಮೂಲಕ ಕೆಲಸ ಮಾಡುತ್ತದೆ. ಫ್ಲೋ ಸೈಟೋಮೆಟ್ರಿ ಎಂಬ ವಿಧಾನದಿಂದ ಎರಡು ಉಪಘಟಕಗಳ ಪ್ರಮಾಣವನ್ನು ನೇರವಾಗಿ ಅಳೆಯಬಹುದು. ಟ್ರಾನೆಕ್ಸಾಮಿಕ್ ಆಮ್ಲ, ಪ್ಲೇಟ್‌ಲೆಟ್ ಪೂರಣ ಮತ್ತು ಕೃತಕವಾಗಿ ತಯಾರಿಸಿದ ಸಕ್ರಿಯ ಏಳನೆಯ ಹೆಪ್ಪುಗಟ್ಟುವ ಅಂಶ ಚಿಕಿತ್ಸೆಯಲ್ಲಿ ಬಳಕೆಯಾಗುತ್ತವೆ. ರೋಗಿಗಳು ಆಸ್ಪಿರಿನ್‌ನಂತಹ ಔಷಧಗಳನ್ನು ಸೇವಿಸಬಾರದು. ಪೂರಣದಿಂದ ಬಂದ ಪ್ಲೇಟ್‌ಲೆಟ್‌ಗಳ ಮೇಲಿರುವ ಆಲ್ಫಾ-2ಬಿ ಬೀಟಾ-3 ಜೋಡಿಯನ್ನು ರೋಗಿಯ ದೇಹವು ಹಿಂದೆಂದೂ ಕಂಡಿರದ ಕಾರಣ, ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ಆಗ ಮುಂದಿನ ಪೂರಣಗಳು ಫಲ ಕೊಡುವುದಿಲ್ಲ. ಆದ್ದರಿಂದ ಅಗತ್ಯವಿದ್ದಾಗ ಮಾತ್ರ ಪೂರಣ ಮಾಡುವುದು ವಾಡಿಕೆ.

ಬಿಳಿ ರಕ್ತಕಣಗಳ ಅಂಟಿಕೆಯ ಕೊರತೆ

ಈ ಕಾಯಿಲೆಯ ಮೊದಲ ಬಗೆಯಲ್ಲಿ 21ನೆಯ ವರ್ಣತಂತುವಿನಲ್ಲಿರುವ ಬೀಟಾ-2 ವಂಶವಾಹಿ ಕೆಟ್ಟಿರುತ್ತದೆ. ನಾಲ್ಕು ಆಲ್ಫಾ ಉಪಘಟಕಗಳಲ್ಲಿ ಯಾವ ದೋಷವೂ ಇರುವುದಿಲ್ಲ. ಆದರೂ ಸಂಗಾತಿ ಇಲ್ಲದ ಕಾರಣ ನಾಲ್ಕೂ ಕೋಶದೊಳಗೇ ಉಳಿದು ನಾಶವಾಗುತ್ತವೆ. ಇದರ ಪರಿಣಾಮವಾಗಿ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು ಸೋಂಕಿನ ಜಾಗಕ್ಕೆ ಇಳಿಯಲಾರವು. ರಕ್ತದಲ್ಲಿ ಅವುಗಳ ಸಂಖ್ಯೆ ವಿಪರೀತ ಹೆಚ್ಚಿರುತ್ತದೆ, ಸೋಂಕಿನ ಜಾಗದಲ್ಲಿ ಕೀವು ಮಾತ್ರ ಕಟ್ಟುವುದಿಲ್ಲ. ನವಜಾತ ಶಿಶುವಿನ ಹೊಕ್ಕುಳಬಳ್ಳಿ ಬೀಳುವುದು ಬಹಳ ತಡವಾಗುವುದು ಇದರ ಮೊದಲ ಸೂಚನೆಗಳಲ್ಲಿ ಒಂದು. ತೀವ್ರ ಸ್ವರೂಪದ ಕಾಯಿಲೆಯಿರುವ ಮಕ್ಕಳು ಚಿಕಿತ್ಸೆ ಇಲ್ಲದಿದ್ದರೆ ಎಳವೆಯಲ್ಲಿಯೇ ಸಾಯುತ್ತಾರೆ. ಅಸ್ಥಿಮಜ್ಜೆಯ ಕಸಿಯಿಂದ ಗುಣಪಡಿಸಬಹುದು.

ಮೂರನೆಯ ಬಗೆಯಲ್ಲಿ ಜೋಡಿಗಳು ಸರಿಯಾಗಿಯೇ ಆಗಿರುತ್ತವೆ. ಆದರೆ ಕಿಂಡ್ಲಿನ್-3 ಇಲ್ಲದಿರುವುದರಿಂದ ಅವು ಸಕ್ರಿಯಗೊಳ್ಳುವುದಿಲ್ಲ. ಇಂತಹ ಮಕ್ಕಳಲ್ಲಿ ಸೋಂಕು ಮತ್ತು ರಕ್ತಸ್ರಾವ ಎರಡೂ ಕಾಣುತ್ತವೆ.

ಇತರ ಕಾಯಿಲೆಗಳು

ಆಲ್ಫಾ-6 ಅಥವಾ ಬೀಟಾ-4 ಕೆಟ್ಟಾಗ ಚರ್ಮದ ಪದರಗಳು ಕಿತ್ತುಬಂದು ಬೊಬ್ಬೆಗಳೇಳುವ ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ಕಾಯಿಲೆಯ ಒಂದು ತೀವ್ರ ರೂಪ ಉಂಟಾಗುತ್ತದೆ. ಅದರೊಂದಿಗೆ ಜಠರದ ಹೊರದಾರಿಯೂ ಮುಚ್ಚಿರುತ್ತದೆ. ಆಲ್ಫಾ-7ರ ದೋಷದಿಂದ ಹುಟ್ಟಿನಿಂದಲೇ ಸ್ನಾಯುಗಳ ದೌರ್ಬಲ್ಯ ಬರುತ್ತದೆ.

ಆನುವಂಶಿಕತೆ ಮತ್ತು ಕರ್ನಾಟಕ

ಮೇಲೆ ಹೇಳಿದ ಕಾಯಿಲೆಗಳು ಅಪ್ರಬಲ ಆನುವಂಶಿಕ ಕಾಯಿಲೆಗಳು. ಒಂದೇ ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟಿದ್ದರೆ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ. ಒಂದು ಪ್ರತಿ ಮಾತ್ರ ಕೆಟ್ಟಿರುವವರನ್ನು ವಾಹಕರು ಎನ್ನುತ್ತಾರೆ. ಗ್ಲಾಂಜ್‌ಮನ್ ಕಾಯಿಲೆಯ ವಾಹಕರಲ್ಲಿ ಸುಮಾರು ಅರ್ಧದಷ್ಟು ಗ್ರಾಹಕಗಳಿದ್ದು, ಸಾಮಾನ್ಯವಾಗಿ ಯಾವ ತೊಂದರೆಯೂ ಇರುವುದಿಲ್ಲ. ತಂದೆತಾಯಿಗಳಿಬ್ಬರೂ ಒಂದೇ ವಂಶವಾಹಿಯ ದೋಷದ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ರಕ್ತಸಂಬಂಧಿಗಳ ನಡುವಿನ ಮದುವೆಯಲ್ಲಿ ಇಬ್ಬರೂ ಒಂದೇ ದೋಷದ ವಾಹಕರಾಗಿರುವ ಸಂಭವ ಹೆಚ್ಚು. ಒಬ್ಬ ಪೂರ್ವಜನಿಂದ ಬಂದ ವಂಶವಾಹಿಯ ಒಂದೇ ಪ್ರತಿಯನ್ನು ಮಗುವು ಎರಡೂ ಕಡೆಯಿಂದ ಪಡೆಯುವ ಸಂಭವ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಎಂಟರಲ್ಲಿ ಒಂದು. ಸೋದರತ್ತೆ ಅಥವಾ ಸೋದರಮಾವನ ಮಕ್ಕಳೊಂದಿಗಿನ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಎ. ಎಚ್. ಬಿಟ್ಲ್ಸ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮೊದಲಾದವರು 1980ರಿಂದ 1989ರವರೆಗಿನ ಅವಧಿಯ ಬಗ್ಗೆ ಕರ್ನಾಟಕದಲ್ಲಿ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮದುವೆಗಳು ರಕ್ತಸಂಬಂಧದಲ್ಲಿ ಆಗಿರುವುದು ಕಂಡುಬಂದಿತು.

ತುಳುನಾಡಿನ ಅಳಿಯಸಂತಾನ ಪದ್ಧತಿಯ ಸಮುದಾಯಗಳಲ್ಲಿ ತಾಯಿಯಿಂದ ಬರುವ ಬಳಿಯನ್ನು (ತುಳುವಿನಲ್ಲಿ ಬರಿ) ನೋಡಿ ಮದುವೆ ನಿಶ್ಚಯಿಸುವುದು ರೂಢಿ. ಅಕ್ಕನ ಮಗಳು ಸೋದರಮಾವನ ಬಳಿಗೇ ಸೇರಿದವಳಾದ್ದರಿಂದ ಅಂತಹ ಮದುವೆ ಇಲ್ಲಿ ನಿಷಿದ್ಧ. ಆದರೆ ಸೋದರಮಾವನ ಮಕ್ಕಳು ತಮ್ಮ ತಾಯಿಯ ಬಳಿಗೆ ಸೇರುವುದರಿಂದ ಅವರೊಂದಿಗೆ ಮದುವೆಗೆ ಬಳಿ ಅಡ್ಡಬರುವುದಿಲ್ಲ. ವಂಶವಾಹಿಗಳು ತಂದೆತಾಯಿ ಇಬ್ಬರಿಂದಲೂ ಸಮಾನವಾಗಿ ಬರುವ ಕಾರಣ, ಬಳಿ ಅಥವಾ ಗೋತ್ರ ಬೇರೆಯಾಗಿದೆ ಎಂಬುದರಿಂದ ರಕ್ತಸಂಬಂಧ ಇಲ್ಲವಾಗುವುದಿಲ್ಲ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಭಾಗವಹಿಸಿದ್ದ, ದಕ್ಷಿಣ ಭಾರತದ ಗ್ಲಾಂಜ್‌ಮನ್ ರೋಗಿಗಳ ಕುರಿತಾದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಎರಡೂ ಉಪಘಟಕಗಳ ವಂಶವಾಹಿಗಳಲ್ಲಿ ಬಗೆಬಗೆಯ ಉತ್ಪರಿವರ್ತನೆಗಳಿರುವುದನ್ನು ಅದು ತೋರಿಸಿತು. ಆದ್ದರಿಂದ ಎಲ್ಲರಿಗೂ ಅನ್ವಯಿಸುವ ಒಂದೇ ವಂಶವಾಹಿ ಪರೀಕ್ಷೆ ಸಾಧ್ಯವಿಲ್ಲ. ಕುಟುಂಬದಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಮೊದಲು ಅವರಲ್ಲಿರುವ ದೋಷವನ್ನು ಗುರುತಿಸಿ, ಅನಂತರ ಸಂಬಂಧಿಕರಲ್ಲಿ ವಾಹಕರನ್ನು ಪತ್ತೆಹಚ್ಚಬೇಕಾಗುತ್ತದೆ.

ಕಾಲುಬಾಯಿ ರೋಗ ಮತ್ತು ಇಂಟೆಗ್ರಿನ್

ದನ, ಎಮ್ಮೆ, ಹಂದಿ, ಕುರಿ ಮತ್ತು ಮೇಕೆಗಳಿಗೆ ತಗಲುವ ಕಾಲುಬಾಯಿ ರೋಗದ ವೈರಸ್ಸು ತನ್ನ ಕವಚದ ಮೇಲೆ ಚಾಚಿಕೊಂಡಿರುವ ಕುಣಿಕೆಯೊಂದರಲ್ಲಿ ಆರ್‌ಜಿಡಿ ಸರಣಿಯನ್ನು ಹೊಂದಿದೆ. ಇದರಿಂದ ಅದು ಪ್ರಾಣಿಯ ಇಂಟೆಗ್ರಿನ್‌ಗಳನ್ನು, ಮುಖ್ಯವಾಗಿ ಆಲ್ಫಾ-ವಿ ಬೀಟಾ-6 ಜೋಡಿಯನ್ನು, ಹಿಡಿದು ಕೋಶದೊಳಕ್ಕೆ ನುಗ್ಗುತ್ತದೆ. ದನದ ನಾಲಗೆ, ಬಾಯಿಯ ಒಳಮೈ ಮತ್ತು ಗೊರಸಿನ ಅಂಚಿನ ಚರ್ಮದ ಕೋಶಗಳಲ್ಲಿ ಈ ಜೋಡಿ ಕಂಡುಬರುತ್ತದೆ. ರೋಗದ ಗುಳ್ಳೆಗಳೂ ಇದೇ ಜಾಗಗಳಲ್ಲಿ ಏಳುತ್ತವೆ.

2013ರಲ್ಲಿ ಕರ್ನಾಟಕದಲ್ಲಿ ಈ ರೋಗ ವ್ಯಾಪಕವಾಗಿ ಹರಡಿ ಸಾವಿರಾರು ಜಾನುವಾರುಗಳು ಸತ್ತವು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಆವರಣವು ಈ ರೋಗದ ಲಸಿಕೆಗೆ ಸಂಬಂಧಿಸಿದ ಕೆಲಸಕ್ಕೆ ಹೆಸರಾಗಿದೆ. ಭಾರತದಲ್ಲಿ ಬಳಸುವ ಲಸಿಕೆಯಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಯ ನಿಷ್ಕ್ರಿಯಗೊಳಿಸಿದ ವೈರಸ್ಸುಗಳಿರುತ್ತವೆ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳಲ್ಲಿ ಕೆಲವು ಆರ್‌ಜಿಡಿ ಇರುವ ಕುಣಿಕೆಯನ್ನೇ ಮುಚ್ಚಿ, ವೈರಸ್ಸು ಇಂಟೆಗ್ರಿನ್ ಅನ್ನು ಹಿಡಿಯದಂತೆ ತಡೆಯುತ್ತವೆ.

ಹಾವಿನ ವಿಷ ಮತ್ತು ಔಷಧಗಳು

ಮಂಡಲ ಹಾವುಗಳ ವಿಷದಲ್ಲಿ ಡಿಸ್‌ಇಂಟೆಗ್ರಿನ್ ಎಂಬ ಚಿಕ್ಕ ಪ್ರೋಟೀನುಗಳಿವೆ. ಇವುಗಳಲ್ಲಿ ಹಲವು ಆರ್‌ಜಿಡಿ ಸರಣಿಯ ಮೂಲಕ ಪ್ಲೇಟ್‌ಲೆಟ್‌ಗಳ ಆಲ್ಫಾ-2ಬಿ ಬೀಟಾ-3 ಸಂದಿಯನ್ನು ಆಕ್ರಮಿಸಿ, ಫೈಬ್ರಿನೋಜನ್ನಿಗೆ ಜಾಗವಿಲ್ಲದಂತೆ ಮಾಡುತ್ತವೆ. ಕರ್ನಾಟಕದ ಒಣ ಬಯಲುಸೀಮೆಯಲ್ಲಿಯೂ ಕಾಣಸಿಗುವ ಗರಗಸ ಮಂಡಲ ಹಾವಿನ ಜಾತಿಯ ವಿಷದಿಂದ ಎಕಿಸ್ಟಾಟಿನ್ ಎಂಬ, 49 ಅಮೈನೋ ಆಮ್ಲಗಳ ಡಿಸ್‌ಇಂಟೆಗ್ರಿನ್ ಅನ್ನು 1988ರಲ್ಲಿ ಬೇರ್ಪಡಿಸಿ ವಿವರಿಸಲಾಯಿತು. ಈ ಹಾವು ಕಚ್ಚಿದಾಗ ಆಗುವ ರಕ್ತಸ್ರಾವಕ್ಕೆ ವಿಷದಲ್ಲಿರುವ ಇತರ ಕಿಣ್ವಗಳೇ ಮುಖ್ಯ ಕಾರಣ.

ಎಕಿಸ್ಟಾಟಿನ್ನಿನ ಆರ್‌ಜಿಡಿಯನ್ನು ಅನುಕರಿಸುವ ಚಿಕ್ಕ ಅಣುವನ್ನು ಹುಡುಕುತ್ತ ಟೈರೋಫಿಬಾನ್ ಎಂಬ ಔಷಧ ರೂಪುಗೊಂಡಿತು. ಅಮೆರಿಕದ ಒಂದು ಚಿಕ್ಕ ಬುಡುಬುಡಿಕೆ ಹಾವಿನ ವಿಷದ ಪ್ರೋಟೀನಿನ ಮಾದರಿಯಲ್ಲಿ ಎಪ್ಟಿಫಿಬಟೈಡ್ ತಯಾರಾಯಿತು. ಇವೆರಡಕ್ಕೂ ಅಮೆರಿಕದಲ್ಲಿ 1998ರಲ್ಲಿ ಅನುಮತಿ ದೊರೆಯಿತು. ಹೃದಯಾಘಾತ ಮತ್ತು ಆಂಜಿಯೋಪ್ಲಾಸ್ಟಿಯ ವೇಳೆ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ತಡೆಯಲು ಇವುಗಳನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಭಾರತದಲ್ಲಿಯೂ ಇವು ಬಳಕೆಯಲ್ಲಿವೆ. ಗ್ಲಾಂಜ್‌ಮನ್ ರೋಗಿಯಲ್ಲಿ ಜೀವನಪರ್ಯಂತ ಇರುವ ಸ್ಥಿತಿಯನ್ನು ಈ ಔಷಧಗಳು ಕೆಲವು ಗಂಟೆಗಳ ಮಟ್ಟಿಗೆ ಉಂಟುಮಾಡುತ್ತವೆ ಎನ್ನಬಹುದು. ರಕ್ತಸ್ರಾವವೇ ಇವುಗಳ ಮುಖ್ಯ ಅಡ್ಡಪರಿಣಾಮವಾಗಿರುವುದು ಇದರಿಂದಲೇ. ನುಂಗುವ ಮಾತ್ರೆಯ ರೂಪದಲ್ಲಿ ತಯಾರಿಸಿದ ಇದೇ ವರ್ಗದ ಔಷಧಗಳು ಪರೀಕ್ಷೆಗಳಲ್ಲಿ ಸಾವಿನ ಪ್ರಮಾಣವನ್ನು ಹೆಚ್ಚಿಸಿದ್ದರಿಂದ ಅವುಗಳನ್ನು ಕೈಬಿಡಲಾಯಿತು.

ಬೇರೆ ಜೋಡಿಗಳನ್ನು ಗುರಿಯಾಗಿಸಿದ ಔಷಧಗಳೂ ಇವೆ. ನಟಾಲಿಜುಮ್ಯಾಬ್ ಆಲ್ಫಾ-4 ಅನ್ನು ಹಿಡಿಯುವ ಪ್ರತಿಕಾಯ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗೆ 2004ರಲ್ಲಿ ಅನುಮತಿ ಪಡೆಯಿತು. ಮಿದುಳಿನ ಅಪಾಯಕಾರಿ ಸೋಂಕು ಕಂಡುಬಂದ ಕಾರಣ 2005ರಲ್ಲಿ ಅದನ್ನು ಹಿಂತೆಗೆದುಕೊಂಡು, 2006ರಲ್ಲಿ ನಿರ್ಬಂಧಗಳೊಂದಿಗೆ ಮರಳಿ ತರಲಾಯಿತು. ಆಲ್ಫಾ-4 ಉಪಘಟಕವು ಬೀಟಾ-1 ಮತ್ತು ಬೀಟಾ-7 ಎರಡರೊಂದಿಗೂ ಜೋಡಿಯಾಗುವುದರಿಂದ ನಟಾಲಿಜುಮ್ಯಾಬ್ ಎರಡೂ ಜೋಡಿಗಳನ್ನು ತಡೆಯುತ್ತದೆ. 2014ರಲ್ಲಿ ಅನುಮತಿ ಪಡೆದ ವೆಡೊಲಿಜುಮ್ಯಾಬ್ ಆಲ್ಫಾ-4 ಬೀಟಾ-7 ಜೋಡಿಯನ್ನು ಮಾತ್ರ ಗುರುತಿಸುತ್ತದೆ. ಕರುಳಿನ ಉರಿಯೂತದ ಕಾಯಿಲೆಗಳಲ್ಲಿ ಬಳಸುವ ಈ ಔಷಧದ ಪರಿಣಾಮ ಬಹುಮಟ್ಟಿಗೆ ಕರುಳಿಗೆ ಸೀಮಿತವಾಗಿದೆ. ಒಂದು ಉಪಘಟಕವನ್ನು ತಡೆಯುವುದಕ್ಕೂ ಒಂದು ಜೋಡಿಯನ್ನು ತಡೆಯುವುದಕ್ಕೂ ಇರುವ ವ್ಯತ್ಯಾಸ ಈ ಎರಡು ಔಷಧಗಳ ಹೋಲಿಕೆಯಿಂದ ತಿಳಿಯುತ್ತದೆ.

ಇವನ್ನೂ ನೋಡಿ

- ಜೀವಕೋಶ
- ಪ್ರೋಟೀನ್
- ರಕ್ತ ಹೆಪ್ಪುಗಟ್ಟುವಿಕೆ
- ಕಾಲುಬಾಯಿ ರೋಗ
- ಅಳಿಯಸಂತಾನ ಪದ್ಧತಿ